ಒಂದೇ ಮಾತ್ರೆಯ ಶೀಟು

ನಮ್ಮ ಮನೆಯಲ್ಲಿ ಮಾತ್ರೆಯ ಹಿಂದೆ ಬರೆದಿರುವುದನ್ನು ಓದಿದವಳು ನಾನೇ ಮೊದಲು. ಅವ್ವನಿಗೆ ಓದು ಬರುವುದಿಲ್ಲ. ಅಪ್ಪ ಇದ್ದಾಗ ಸಹಿ ಹಾಕುವಷ್ಟು ಕಲಿತಿದ್ದ. ಅಣ್ಣ ಎಸ್ಸೆಸ್ಸೆಲ್ಸಿಗೆ ನಿಂತುಬಿಟ್ಟ. ನಾನು ಮಾತ್ರ ಹಾಸನಕ್ಕೆ ಹೋಗಿ ಬಿಎಸ್ಸಿ ಮುಗಿಸಿದೆ. ನಮ್ಮ ತುಂಡು ತೋಟದ ಕಾಫಿ ಅದಕ್ಕೆ ಸಾಲಲಿಲ್ಲ. ಅವ್ವ ಕಂಡವರ ಎಸ್ಟೇಟಿನಲ್ಲಿ ಹಣ್ಣು ಕುಯ್ದಳು. ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದಾಗ ಅದಕ್ಕೆ ಕಟ್ಟು ಹಾಕಿಸಿ, ದೇವರ ಫೋಟೊಗಳ ಸಾಲಿನಲ್ಲೇ ಮೊಳೆ ಹೊಡೆದು ತೂಗು ಹಾಕಿದ್ದೂ ಅವಳೇ. ಈಗ ನಾನು ಸಕಲೇಶಪುರದ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೆಮ್ಮೆ ಇದೆ. ಮುಚ್ಚಿಡುವುದೇನಿದೆ?

ಆ ಸರ್ಟಿಫಿಕೇಟಿನ ಕೆಳಗಿನ ಗೂಡಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಅದರ ತುಂಬ ಖಾಲಿ ಮಾತ್ರೆ ಶೀಟುಗಳು. ಹೊರಗಿನವರಿಗೆ ಅದು ಕಸ. ನಮಗೆ ಅದೇ ಆಸ್ಪತ್ರೆ.

ನಮ್ಮೂರು ಪಾಳ್ಯದ ಹತ್ತಿರ ಹೈವೇ ಬಿಟ್ಟು ಒಳಗೆ. ಮೆಡಿಕಲ್ ಶಾಪಿಲ್ಲ. ಬೆಳಗ್ಗೆ ಸಕಲೇಶಪುರಕ್ಕೆ ಹೋಗುವ ಖಾಸಗಿ ಬಸ್ಸು ಸಂಜೆ ವಾಪಸು ಬರುತ್ತದೆ. ಮನೆಯಲ್ಲಿ ಯಾವುದಾದರೂ ಮಾತ್ರೆ ಮುಗಿದರೆ ಅದರ ಖಾಲಿ ಶೀಟನ್ನು ಬೆಳಗ್ಗೆ ಕಂಡಕ್ಟರನ ಕೈಗೆ ಕೊಡಬೇಕು. ಅವನು ಅದನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಹೋಗಿ, ಪೇಟೆಯ ಮೆಡಿಕಲಿನವನಿಗೆ ತೋರಿಸಿ, ಅದೇ ಥರದ್ದು ಹೊಸದು ತರುತ್ತಾನೆ. ಮಾತ್ರೆಯ ಹೆಸರು ಯಾರಿಗೂ ಬೇಕಿಲ್ಲ. ಅವ್ವನ ಲೆಕ್ಕದಲ್ಲಿ ಕೆಂಪು ಗೀಟಿನದು ಬಿಪಿಗೆ, ಹಸಿರು ಬೆನ್ನಿನದು ಗ್ಯಾಸಿಗೆ, ಬರೀ ಬೆಳ್ಳಿ ಬಣ್ಣದ್ದು ಸೊಂಟಕ್ಕೆ. ಅಕ್ಕಪಕ್ಕದವರೂ "ನಿಮ್ಮನೇಲಿ ಸೊಂಟದ್ದು ಶೀಟೈತಾ?" ಎಂದು ಕೇಳಿಕೊಂಡು ಬರುತ್ತಾರೆ. ಶೀಟು ಕೊಟ್ಟರೆ ಮಾತ್ರೆ ಬರುತ್ತದೆ. ಶೀಟಿಲ್ಲದಿದ್ದರೆ ಇಲ್ಲ.

ಆ ಡಬ್ಬಿಯಲ್ಲಿ ಹಬ್ಬದ ಮಾತ್ರೆಯ ಶೀಟೂ ಒಂದಿತ್ತು. ಹಬ್ಬ, ಗೃಹಪ್ರವೇಶ, ದೇವಸ್ಥಾನಕ್ಕೆ ಹೋಗುವುದು ಇತ್ಯಾದಿ ಇದ್ದಾಗ ಮುಟ್ಟನ್ನು ಮುಂದಕ್ಕೆ ಹಾಕಲು ಹೆಂಗಸರು ನುಂಗುವ ಮಾತ್ರೆ. ಇದನ್ನು ತರಿಸಲು ನಮ್ಮ ಕಡೆ ಯಾರಿಗೂ ನಾಚಿಕೆಯಿಲ್ಲ. ಗಂಡ ತರುತ್ತಾನೆ, ಮಾವ ತರುತ್ತಾನೆ. ಕಂಡಕ್ಟರನಂತೂ ತುಂಬಿದ ಬಸ್ಸಿನಲ್ಲಿ ಶೀಟನ್ನು ಮೇಲೆತ್ತಿ ಹಿಡಿದು, "ಯಾರ್ದಮ್ಮಾ ಪೂಜೆ ಮಾತ್ರೆ?" ಎಂದು ಕೂಗುತ್ತಾನೆ. ದೇವರ ಕೆಲಸಕ್ಕೆ ತಾನೇ? ಯಾರೂ ತಲೆ ತಗ್ಗಿಸುವುದಿಲ್ಲ.

ಶಿವರಾತ್ರಿ ಕಳೆದು, ಯುಗಾದಿ ಇನ್ನೂ ದೂರವಿದ್ದ ಒಂದು ಸಂಜೆ ನಾನು ಶಾಲೆ ಮುಗಿಸಿ ಬಸ್ಸಿಳಿದಾಗ, ಕಂಡಕ್ಟರ್ ನನ್ನ ಹಿಂದೆಯೇ ಬಾಗಿಲಲ್ಲಿ ಬಗ್ಗಿ, "ತಗಳಮ್ಮಾ ನಿನ್ ಪೂಜೆ ಮಾತ್ರೆ. ನಮಗೂ ಒಸಿ ಪ್ರಸಾದ ಕಳ್ಸು" ಎಂದ. ನೋಡಿದರೆ, ಕೈ ಚಾಚಿ ನಿಂತವಳು ನಮ್ಮ ಅತ್ತಿಗೆ. ಬೆಳಗ್ಗೆ ಶೀಟು ಕೊಡುವುದು, ಸಂಜೆ ಇಸಿದುಕೊಳ್ಳುವುದು ಯಾವಾಗಲೂ ಅವ್ವನ ಕೆಲಸ. ಅತ್ತಿಗೆ ಬಸ್ಸಿನ ಹತ್ತಿರ ಬರುವವಳೇ ಅಲ್ಲ. ಬೆಳಗ್ಗೆ ಬಸ್ಸಿನ ನೂಕುನುಗ್ಗಲಿನಲ್ಲಿ ಅವಳು ಶೀಟು ಕೊಟ್ಟದ್ದು ನನಗೆ ಕಂಡಿರಲಿಲ್ಲ. ಕಂಕುಳಲ್ಲಿ ಚಿಕ್ಕ ಮಗು, ಮುಖದಲ್ಲಿ ಬೆವರು.

ಬಸ್ಸು ತಿರುವು ದಾಟುವುದನ್ನೇ ಅವಳು ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಇದನ್ನ ಎಷ್ಟು ನುಂಗ್ಬೇಕು ಹೇಳು. ನೀನು ಸೈನ್ಸ್ ಓದಿದ್ದೀಯಲ್ಲ."

"ಯಾವ ಪೂಜೆ ಅತ್ಗೆ? ಯಾವ ಹಬ್ಬನೂ ಇಲ್ವಲ್ಲ."

"ಪೂಜೆ ಮನೆ ಹಾಳಾಗ." ಹಿಂದೆ ಮುಂದೆ ನೋಡಿದಳು. "ನಿನ್ನೆ ನಿಮ್ಮಣ್ಣ ತಂದಿದ್ದ ನಿರೋಧು ಹರ್ದೋಯ್ತು ಕಣೆ. ಹೇಳುದ್ರೆ, 'ಏನೂ ಆಗಲ್ಲ ಬಿಡೆ' ಅಂತ ಮಗ್ಗಲು ಬದಲಾಯಿಸ್ಬುಟ್ಟ. ಅವನಿಗೇನು, ಹೊಟ್ಟೆ ಕುಯ್ಯೋದು ನಂದಲ್ವಾ?"

ಅವಳಿಗೆ ಎರಡೂ ಹೆರಿಗೆ ಆಪರೇಷನ್ನೇ. ಎರಡೂ ಹೆಣ್ಣು. ಎರಡನೆಯದಕ್ಕೆ ಹೊಲಿಗೆ ಕೀವಾಗಿ ಅವಳು ಹಾಸಿಗೆ ಬಿಟ್ಟೇಳಲು ಬಹಳ ದಿನ ಹಿಡಿಯಿತು. ಆಸ್ಪತ್ರೆಯ ಡಾಕ್ಟರಮ್ಮ, "ಇನ್ನೆರಡು ವರ್ಷ ಹೊಟ್ಟೆಗೆ ರಜ ಕೊಡಮ್ಮ. ಬೇಗ ಬಸುರಾದ್ರೆ ನಿನ್ನ ಜೀವಕ್ಕೇ ಕಷ್ಟ" ಎಂದು ನನ್ನೆದುರೇ ಹೇಳಿ ಕಳಿಸಿದ್ದರು. ಮಗುವಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಹೆರಿಗೆಯ ಜೊತೆಗೇ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಬಹುದಿತ್ತು. ಅವ್ವ ಬೇಡ ಎಂದಿದ್ದಳು. ಅವಳಿಗೆ ಒಂದು ಗಂಡು ಮೊಮ್ಮಗನ ಆಸೆ. ಕೆಟ್ಟವಳಲ್ಲ ನಮ್ಮವ್ವ. ನನ್ನನ್ನು ಓದಿಸಿದವಳು. ಆದರೆ ಆ ಆಸೆಯನ್ನು ಮಾತ್ರ ಬಿಟ್ಟಿರಲಿಲ್ಲ.

ನಾನು ಶೀಟು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದೆ.

"ಅತ್ಗೆ, ಇದು ಅದಕ್ಕಲ್ಲ."

"ಯಾಕೆ? ಮುಟ್ಟು ಮುಂದಕ್ಕೋಗೋದೂ ಮಾತ್ರೇಲಿ, ಬಸುರು ಮುಂದಕ್ಕೋಗೋದೂ ಮಾತ್ರೇಲಿ. ಒಂದೇ ಅಲ್ವಾ?"

ನಾನು ನಗಲಿಲ್ಲ. ಅವಳ ತರ್ಕದಲ್ಲಿ ದಡ್ಡತನವಿರಲಿಲ್ಲ. ಕೇಳಲು ನಾಚಿಕೆಯಾಗದ ಹೆಂಗಸರ ಮಾತ್ರೆ ನಮ್ಮೂರಿನಲ್ಲಿ ಇರುವುದು ಅದೊಂದೇ. ಡಬ್ಬಿಯಲ್ಲಿ ಸಿಕ್ಕ ಶೀಟೂ ಅದೊಂದೇ. ಇದ್ದುದರಲ್ಲಿ ಹತ್ತಿರದ್ದನ್ನು ಹಿಡಿದುಕೊಂಡಿದ್ದಳು. ನಡೆಯುತ್ತಲೇ ಹೇಳಿದೆ: ಈ ಹಬ್ಬದ ಮಾತ್ರೆ ಬರಬೇಕಾದ ಮುಟ್ಟನ್ನು ತಡೆದು ನಿಲ್ಲಿಸುತ್ತದೆ, ಅಷ್ಟೆ. ನಿನಗೆ ಬೇಕಾಗಿರುವುದು ಬೇರೆ. ಅದು ಅಂಡ ಹೊರಗೆ ಬರುವುದನ್ನೇ ತಡ ಮಾಡುತ್ತದೆ. ಆದ್ದರಿಂದ ಬಸುರು ನಿಲ್ಲುವ ಮೊದಲೇ ನುಂಗಬೇಕು. ಮೂರು ದಿನದೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು.

ಅತ್ತಿಗೆ ನಿಂತಳು.

"ಹಂಗಾದ್ರೆ ಅದರ ಖಾಲಿ ಶೀಟು ಯಾರ ಮನೇಲೈತೆ?"

ಈ ಪ್ರಶ್ನೆ ನನ್ನ ತಲೆಯಲ್ಲಿ ಇಂದಿಗೂ ಕೂತಿದೆ. ಬಿಪಿಯ ಶೀಟು ಪ್ರತಿ ಮನೆಯಲ್ಲಿದೆ. ಇದರದ್ದು ಯಾರ ಮನೆಯಲ್ಲಿದೆ? ಊರಿನ ಒಬ್ಬೊಬ್ಬರ ಅಡುಗೆಮನೆಯ ಗೂಡನ್ನೂ ಮನಸ್ಸಿನಲ್ಲೇ ತಡಕಿ ನೋಡಿದೆ. ಹರಿದುಹೋದದ್ದು ಇವಳೊಬ್ಬಳಿಗೇ ಏನಲ್ಲ. ಹಾಗಾದರೆ ಉಳಿದವರೆಲ್ಲ ಏನು ಮಾಡಿದರು? ಪರಂಗಿಕಾಯಿ ತಿಂದರೇ, ಎಳ್ಳು ಬೆಲ್ಲ ತಿಂದರೇ, ಹರಕೆ ಹೊತ್ತರೇ?

ಆಶಾ ಕಾರ್ಯಕರ್ತೆಯ ಚೀಲದಲ್ಲಿ ಈ ಮಾತ್ರೆ ಇರುವುದುಂಟು ಎಂದು ನನಗೆ ಗೊತ್ತಿತ್ತು. ಹೇಳಿದೆ. ಅತ್ತಿಗೆ ಕೈ ಮುಗಿದಳು. "ಬ್ಯಾಡ ಕಣೆ ಮಾರಾಯ್ತಿ. ಅವಳು ಅತ್ತೆಗೆ ಚಿಕ್ಕಮ್ಮನ ಮಗಳು. ನಾನು ನೀರು ಕುಡಿಯೋದ್ರೊಳಗೆ ಸುದ್ದಿ ಒಲೆ ಮುಂದೆ ಇರ್ತದೆ."

ಸುದ್ದಿ ಅಷ್ಟರಲ್ಲೇ ನಮಗಿಂತ ಮೊದಲು ಮನೆ ಸೇರಿತ್ತು. ನಮ್ಮ ಬಸ್ಸಿನಲ್ಲೇ ಇದ್ದ ಪಕ್ಕದ ಮನೆಯವಳು ಅಡ್ಡದಾರಿ ಹಿಡಿದು ಮುಂದೆ ಹೋಗಿದ್ದಳು. ಅವ್ವ ಅಂಗಳದಲ್ಲಿ ಕಾಫಿ ಬೀಜ ಕೆದಕುತ್ತಿದ್ದವಳು ಗೋರುವ ಹಲಗೆಯನ್ನು ಗೋಡೆಗೆ ಒರಗಿಸಿ, "ಪೂಜೆ ಮಾತ್ರೆ ತರ್ಸಿದ್ಯಂತೆ, ಯಾವ ದೇವ್ರಿಗೆ?" ಎಂದು ಕೇಳಿದಳು.

ಅತ್ತಿಗೆ ಬಾಯಿಗೆ ಬಂದ ದೇವರನ್ನು ಹಿಡಿದುಕೊಂಡಳು. "ತವರಲ್ಲಿ, ಅತ್ತೆ... ಚೌಡಮ್ಮಂಗೆ."

ಅವ್ವನ ಮುಖ ಅರಳಿತು. "ಗಂಡು ಮಗಾಗ್ಲಿ ಅಂತ ಹರಕೆ ಕಟ್ಕಂಡಿದ್ಯಾ? ಮೊದ್ಲೇ ಹೇಳೋದಲ್ವಾ? ಸೀರೆ ಉಡಿಸಾನ ಅಮ್ಮಂಗೆ." ಒಳಗೆ ಹೋಗಿ ಒಂದು ಚೊಂಬು ನೀರು ತಂದೇಬಿಟ್ಟಳು. "ತಗ, ನುಂಗು. ಆ ಮಾತ್ರೆ ತಡ ಮಾಡಬಾರ್ದು. ಹೋದ ಗೌರಿ ಹಬ್ಬಕ್ಕೆ ನೀನು ಮರ್ತು ಕೂತೆ, ಬಾಗಿನ ಕೊಡೋರು ಇಲ್ದಂಗಾಯ್ತು."

ಅತ್ತಿಗೆಯ ಒಂದು ಕೈಯಲ್ಲಿ ಬೇಡದ ಮಾತ್ರೆ, ಒಂದು ಕೈಯಲ್ಲಿ ನೀರು. ಎದುರಿಗೆ ಅತ್ತೆ. ನನ್ನ ಕಡೆ ನೋಡಿದಳು.

"ಖಾಲಿ ಹೊಟ್ಟೇಲಿ ಆಗಲ್ಲ ಕಣವ್ವ. ಉಂಡ ಮೇಲೆ" ಎಂದೆ.

"ಹಂಗಂತ ಬರ್ದೈತಾ?"

"ಹ್ಞೂಂ."

ಬರೆದಿರಲಿಲ್ಲ. ಆದರೆ ಗೋಡೆಯ ಮೇಲೆ ನನ್ನ ಸರ್ಟಿಫಿಕೇಟು ಇತ್ತು. ಅವ್ವ ಚೊಂಬನ್ನು ವಾಪಸು ಒಯ್ದಳು. ಉಂಡ ಮೇಲೆ ಅತ್ತಿಗೆ ಮಗುವಿಗೆ ಹಾಲೂಡುವ ನೆವದಲ್ಲಿ ಕೋಣೆ ಸೇರಿಕೊಂಡಳು. ಮಾತ್ರೆ ಶೀಟಿನಲ್ಲೇ ಉಳಿಯಿತು.

ಮರುದಿನ ಮೊದಲೆರಡು ಪೀರಿಯಡ್ ಮುಗಿಸಿ, ರಜೆ ಕೇಳಿಕೊಂಡು ಪೇಟೆಗೆ ಹೊರಟೆ. ನಮ್ಮೂರಿನ ಶೀಟುಗಳೆಲ್ಲ ಹೋಗುವ ಮೆಡಿಕಲಿಗೇ ಮೊದಲು ಹೋದೆ. ಅಂಗಡಿಯವರಿಗೆ ನನ್ನ ಪರಿಚಯವಿತ್ತು. "ಬನ್ನಿ ಮೇಡಂ, ಅಮ್ಮನ ಬಿಪಿದಾ?" ಎಂದರು.

ಬೇಕಾದ್ದನ್ನು ಹೇಳಿದೆ. ಮೆಲ್ಲಗೇನೂ ಹೇಳಲಿಲ್ಲ. ಅಂಗಡಿಯಲ್ಲಿದ್ದ ಇನ್ನಿಬ್ಬರು ತಿರುಗಿ ನೋಡಿದರು. ನನಗಿನ್ನೂ ಮದುವೆಯಾಗಿಲ್ಲ, ಅದು ಅವರಿಗೂ ಗೊತ್ತು.

"ಅದೆಲ್ಲ ನಾವು ಇಡಲ್ಲ ಮೇಡಂ."

"ಯಾಕೆ ಇಡಲ್ಲ?"

"ಇಲ್ಲಿ ಯಾರೂ ಕೇಳಲ್ಲ." ಸ್ವಲ್ಪ ತಡೆದು, "ಅದಕ್ಕೆ ಡಾಕ್ಟರ್ ಚೀಟಿ ಬೇರೆ ಬೇಕು" ಎಂದರು.

"ಚೀಟಿ ಬೇಡ ಸರ್. ಟೀವಿ ಜಾಹೀರಾತಿನಲ್ಲೇ ಸಾವಿರ ಸಲ ಬಂದಿದೆ."

"ನಿಮಗ್ಯಾಕೆ ಮೇಡಂ ಅದು?" ಅಂದವರು ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಯಾರಿಗೆ?" ಎಂದು ತಿದ್ದಿಕೊಂಡರು.

ಅವರು ಹೇಳಿದ್ದರಲ್ಲಿ ಒಂದು ಮಾತು ನನಗೆ ಕುತೂಹಲ ಹುಟ್ಟಿಸಿತು. ಯಾರೂ ಕೇಳುವುದಿಲ್ಲ, ಅದಕ್ಕೆ ಇಡುವುದಿಲ್ಲ. ಇಡುವುದಿಲ್ಲ, ಅದಕ್ಕೆ ಯಾರೂ ಕೇಳುವುದಿಲ್ಲ. ಇದರಲ್ಲಿ ಯಾವುದು ಮೊದಲು? ಮಕ್ಕಳಿಗೆ ಕೋಳಿ ಮೊಟ್ಟೆಯ ಪ್ರಶ್ನೆ ಹಾಕಿ ನಗಿಸುವವಳು ನಾನು, ಅಂದು ಕೌಂಟರಿನ ಮುಂದೆ ಅದೇ ಪ್ರಶ್ನೆ ಹಿಡಿದು ನಿಂತಿದ್ದೆ.

ಇನ್ನೊಂದು ಅಂಗಡಿಯಲ್ಲೂ ಇಲ್ಲ ಎಂದರು. ಆದರೆ ಅಲ್ಲಿದ್ದ ವಯಸ್ಸಾದವರು ಲೆಕ್ಕದ ಯಂತ್ರದಿಂದ ತಲೆಯೆತ್ತದೆ, "ದೋಣಿಗಲ್ ಕಡೆ ಹೋಗಿ. ಹೈವೇಲಿ ಸಿಗ್ತದೆ" ಎಂದರು. ಯಾಕೆ ಹೈವೇಯಲ್ಲಿ ಎಂದು ಕೇಳುವಷ್ಟರಲ್ಲಿ ಬೇರೆ ಗಿರಾಕಿಯ ಕಡೆ ತಿರುಗಿದ್ದರು.

ಬಸ್ಸು ಹತ್ತಿ ಹೋದೆ. ಘಾಟಿ ರಸ್ತೆಯಲ್ಲಿ ಕಾರುಗಳು ನಿಲ್ಲುವ ಹೋಟೆಲಿನ ಮಗ್ಗುಲಿಗೆ ಒಂದು ಸಣ್ಣ ಮೆಡಿಕಲ್. ನಾನು ಮೆಟ್ಟಿಲು ಹತ್ತುತ್ತಿದ್ದ ಹಾಗೆ ಒಂದು ಕಾರು ಬಂದು ನಿಂತಿತು. ಹೋಮ್‌ಸ್ಟೇಗೋ ಬಿಸಿಲೆ ಘಾಟಿ ನೋಡಲೋ ಹೊರಟ ದೊಡ್ಡ ಊರಿನವರು. ಟೋಪಿ ಹಾಕಿದ ಹುಡುಗನೊಬ್ಬ ಇಳಿದು ಬಂದು ಒಂದು ನೀರಿನ ಬಾಟಲಿ, ವಾಂತಿ ಮಾತ್ರೆ, ಜೊತೆಗೆ ನಾನು ಹುಡುಕುತ್ತಿದ್ದ ಮಾತ್ರೆಯನ್ನೇ ಹೆಸರು ಹಿಡಿದು ಕೇಳಿದ. ಚಾಕೊಲೇಟ್ ಡಬ್ಬಿಯ ಪಕ್ಕದಲ್ಲೇ ಅದು ನೇತಾಡುತ್ತಿತ್ತು. ಅಂಗಡಿಯವನು ಕಿತ್ತು ಕೊಟ್ಟ. ಯಾರಿಗೆ ಎನ್ನಲಿಲ್ಲ. ಚೀಟಿ ಎನ್ನಲಿಲ್ಲ. ಕಾರು ಹೊರಟೇಹೋಯಿತು.

ನಾನೂ ಅದನ್ನೇ ಕೇಳಿದೆ. ಅಂಗಡಿಯವನು ನನ್ನ ಸೀರೆ, ಚಪ್ಪಲಿ, ಊಟದ ಡಬ್ಬಿಯ ಚೀಲ ಎಲ್ಲ ನೋಡಿದ.

"ಹೋಮ್‌ಸ್ಟೇ ಕೆಲ್ಸದೋರಾ? ಗೆಸ್ಟಿಗಾ?"

"ಅಲ್ಲ. ನಮ್ಮನೆಗೆ."

"ಓ" ಎಂದ. ಕೊಟ್ಟ, ಇಲ್ಲವೆನ್ನಲಿಲ್ಲ. ಆದರೆ ಕೊಡುವ ಮೊದಲು ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿ, ಆ ಪೊಟ್ಟಣವನ್ನು ಕಪ್ಪು ಕವರಿಗೆ ಹಾಕಿ, ಕವರಿನ ಬಾಯಿ ಕಟ್ಟಿದ.

"ಆ ಹುಡುಗನಿಗೆ ಕಟ್ಟಲಿಲ್ವಲ್ಲ?" ಎಂದೆ. ಜಗಳಕ್ಕಲ್ಲ, ತಿಳಿದುಕೊಳ್ಳಲಿಕ್ಕೇ ಕೇಳಿದೆ.

ಅವನಿಗೂ ಅದು ಹೊಸ ಪ್ರಶ್ನೆಯಾಗಿತ್ತೆಂದು ಕಾಣುತ್ತದೆ. ಕತ್ತು ಕೆರೆದುಕೊಂಡ. "ಅವರು ಹೋಗ್ಬುಡ್ತಾರಲ್ಲ ಮೇಡಂ. ನೀವು ಇಲ್ಲೇ ಇರ್ಬೇಕಲ್ಲ."

ಇಷ್ಟು ಸರಿಯಾದ ಉತ್ತರವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬಸ್ಸಿನಲ್ಲಿ ಕೂತು ಕವರನ್ನು ಬಿಚ್ಚಿ, ಪೇಪರನ್ನೂ ಬಿಚ್ಚಿ ಎಸೆದು, ಮಾತ್ರೆಯನ್ನು ಹಾಗೇ ಪರ್ಸಿನಲ್ಲಿಟ್ಟುಕೊಂಡೆ. ಒಳಗಿದ್ದ ಹಾಳೆಯನ್ನು ಬಿಡಿಸಿ ದಾರಿಯುದ್ದಕ್ಕೂ ಓದಿದೆ. ಇರುವೆಯಷ್ಟು ಅಕ್ಷರ, ಎಲ್ಲ ಇಂಗ್ಲಿಷು. ಹಾಲೂಡುವ ತಾಯಿಯ ಭಾಗ ನನಗೆ ಪೂರ್ತಿ ಬಗೆಹರಿಯಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದಕ್ಕಲ್ಲ ನಾನು ಡಿಗ್ರಿ ಮಾಡಿದ್ದು. ಕಾಲೇಜಿನ ಗೆಳತಿಯೊಬ್ಬಳು ಈಗ ನರ್ಸು. ಅವಳಿಗೆ ಫೋನು ಮಾಡಿದೆ. ನುಂಗಬಹುದು, ಮಗುವಿಗೆ ಹಾಲೂ ಕೊಡಬಹುದು ಎಂದಳು. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಮುಟ್ಟು ಆಚೀಚೆ ಆಗಬಹುದು. ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಬೇಕು. "ಇದು ನೂರಕ್ಕೆ ನೂರು ಗ್ಯಾರಂಟಿ ಅಲ್ಲ ಕಣೆ. ದಿನಾ ನುಂಗೋ ಬಾಬತ್ತೂ ಅಲ್ಲ. ಆಮೇಲೆ ಆಸ್ಪತ್ರೆಗೆ ಕರ್ಕೊಂಡೋಗಿ ಕಾಪರ್-ಟಿ ಹಾಕಿಸು" ಎಂದಳು.

ಮನೆಗೆ ಬಂದಾಗ ಅತ್ತಿಗೆ ಹಿತ್ತಲ ಕಲ್ಲಿನ ಮೇಲೆ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ಅವ್ವ ಹಸುವಿನ ಹತ್ತಿರ ಇದ್ದಳು. ಮಾತ್ರೆಯನ್ನು ಶೀಟಿನ ಸಮೇತ ಅತ್ತಿಗೆಯ ಒದ್ದೆ ಅಂಗೈಯಲ್ಲಿಟ್ಟೆ.

"ಇಷ್ಟೇನಾ?"

"ಇಷ್ಟೇ. ದೋಣಿಗಲ್‌ನಲ್ಲಿ ಸಿಕ್ತು."

"ಒಂದೇನಾ? ಅಲ್ಲ ಕಣೆ, ಸೊಂಟದ್ದು ಮಾತ್ರೆ ಇದರಪ್ಪನಂಗಿರ್ತದೆ. ಇದು ನೋಡಿದ್ರೆ ಕೊತ್ತಂಬ್ರಿ ಬೀಜ. ಇದಕ್ಕೆ ದೋಣಿಗಲ್‌ಗಂಟ ಹೋಗಿದ್ಯಾ ಮೇಡಮ್ಮೋರೆ?" ಎಂದು ನಕ್ಕಳು. ನಗುತ್ತಲೇ ಶೀಟಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡು, ಅಲ್ಲೇ ಕೊಳಾಯಿಯ ನೀರು ಬೊಗಸೆಯಲ್ಲಿ ಹಿಡಿದು ಕುಡಿದಳು. ವಾಂತಿಯಾದರೆ ಇನ್ನೊಂದು ನುಂಗಬೇಕು ಎಂದೆ. ಒಗೆಯುವುದನ್ನು ಬಿಟ್ಟು ಕಲ್ಲಿನ ಮೇಲೆ ಕೂತಳು. "ವಾಂತಿ ಬರೋ ಹಂಗಾಯ್ತದೆ. ಬರಲ್ಲ. ಬರಾಕೆ ಬುಡಲ್ಲ" ಎಂದಳು. ಬರಲಿಲ್ಲ.

ಆಮೇಲೆ ಕಾಯುವ ಕೆಲಸ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ಕ್ಯಾಲೆಂಡರನ್ನು ನೋಡುತ್ತಿದ್ದರು. ಒಬ್ಬಳು ಮುಟ್ಟು ಬರಲಿ ಎಂದು, ಒಬ್ಬಳು ಬಾರದಿರಲಿ ಎಂದು. ಚೌಡಮ್ಮನ ಪೂಜೆ ಯಾವತ್ತು ಎಂದು ಅವ್ವ ಕೇಳಿದಾಗಲೆಲ್ಲ ಅತ್ತಿಗೆ, ತವರಿನಿಂದ ಹೇಳಿ ಕಳಿಸುತ್ತಾರೆ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಿದ್ದೇನೆ ಎನ್ನುತ್ತಿದ್ದಳು. ಮುಟ್ಟಿನ ದಿನ ಬಂತು, ಹೋಯಿತು. ಅವ್ವ ಅತ್ತಿಗೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಹೆಚ್ಚಿಗೆ ಬಡಿಸತೊಡಗಿದಳು. ಅತ್ತಿಗೆ ಉಣ್ಣುತ್ತಿರಲಿಲ್ಲ. ಹೊಲಿಗೆ ಹಾಕಿದ ಜಾಗವನ್ನು ಸೀರೆಯ ಮೇಲಿಂದಲೇ ಒತ್ತಿಕೊಳ್ಳುತ್ತಿದ್ದಳು. ಪರೀಕ್ಷೆಯ ಕಡ್ಡಿಯನ್ನು ನಾನು ಪೇಟೆಯಿಂದ ತಂದಿಟ್ಟುಕೊಂಡೆ.

ಅದನ್ನು ಬಳಸುವ ಪ್ರಸಂಗ ಬರಲಿಲ್ಲ. ಒಂದು ಸಂಜೆ ನಾನು ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ. ಬಚ್ಚಲ ಕಡೆಯಿಂದ ಅತ್ತಿಗೆಯ ದನಿ ಕೇಳಿತು, ಬೇಕಿದ್ದಕ್ಕಿಂತ ಜೋರಾಗಿಯೇ.

"ಅತ್ತೆ, ಇವತ್ತು ದೀಪ ನೀವೇ ಹಚ್ಬುಡಿ."

ನಮ್ಮ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಮುಟ್ಟಾದವಳು ದೇವರ ಗೂಡಿಗೆ ಹೋಗುವಂತಿಲ್ಲ ಎಂಬ ಕಟ್ಟಳೆಯ ಜೊತೆ ನನಗೆ ಎಷ್ಟೋ ಜಗಳವಿದೆ. ಅವತ್ತು ಮಾತ್ರ ಆ ಮಾತು ಕೇಳಿ ಕೆಂಪು ಪೆನ್ನು ಕೆಳಗಿಟ್ಟೆ. ಅವ್ವ ಎದ್ದು ಹೋಗಿ ಬತ್ತಿ ಹೊಸೆದಳು. ಅವಳು ದೀಪ ಹಚ್ಚುವಾಗ ನಾನು ಅವಳ ಮುಖ ನೋಡಲಿಲ್ಲ.

ಯುಗಾದಿ ಕಳೆದ ಮೇಲೆ ಅತ್ತಿಗೆ ಅಣ್ಣನನ್ನೇ ಹೊರಡಿಸಿಕೊಂಡು ಆಸ್ಪತ್ರೆಗೆ ಹೋಗಿ ಕಾಪರ್-ಟಿ ಹಾಕಿಸಿಕೊಂಡು ಬಂದಳು. ಬರುವಾಗ ತವರಿಗೂ ಹೋಗಿ ಚೌಡಮ್ಮನಿಗೆ ಹಣ್ಣುಕಾಯಿ ಮಾಡಿಸಿದಳು. "ಹೆಸ್ರು ಹೇಳಿದ್ ಮ್ಯಾಲೆ ಬುಡಕಾಯ್ತದಾ?" ಎಂದಳು ನನಗೆ.

ಇದೆಲ್ಲ ಮುಗಿದು, ನಾನು ಮರೆತೂ ಬಿಟ್ಟಿದ್ದಾಗ, ಒಂದು ಭಾನುವಾರ ಅವ್ವ ಬಿಸ್ಕತ್ತಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು.

"ಮಗಾ, ಇದರಾಗೆ ಒಂದೇ ಮಾತ್ರೆದೊಂದು ಶೀಟಿತ್ತಲ್ಲ, ಅದು ಯಾತಕ್ಕೆ?"

ಅತ್ತಿಗೆ ಅದನ್ನು ಎಸೆದಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಶೀಟು ಎಸೆಯುವುದಿಲ್ಲ. ಅವಳ ಕೈ ತಾನಾಗಿಯೇ ಅದನ್ನು ಡಬ್ಬಿಗೆ ಹಾಕಿತ್ತು.

"ಯಾಕವ್ವ?"

"ಮೇಲಿನ ಮನೆ ಸೊಸೆ ಬಂದಿದ್ಲು. ನಿಮ್ಮನೇಲಿ ಒಂದೇ ಮಾತ್ರೆದು ಶೀಟೈತಂತಲ್ಲ, ಒಸಿ ಕೊಡಿ ಅಂದ್ಲು. ಕೊಟ್ಟೆ. ಕಂಡಕ್ಟ್ರು ಹತ್ರ ಕಳ್ಸಿದ್ಲಂತೆ. ಅವನು, 'ಇದೇನಮ್ಮಾ, ಇದಕ್ಕೆ ಒಂದೇ ಮಾತ್ರೆನಾ' ಅಂತ ನಗಾಡ್ಕಂಡು ತಂದುಕೊಟ್ನಂತೆ. ಮೆಡಿಕಲ್ನೋರು ಈಗೀಗ ತರ್ಸಿಡ್ತಾರಂತೆ." ಅವ್ವ ನನ್ನನ್ನೇ ನೋಡಿದಳು. "ಮೈ ನಡುಗ್ತಿತ್ತು ಕಣೆ ಆ ಹುಡ್ಗೀಗೆ. ಅದುಕ್ಕೇ ಕೇಳ್ದೆ. ಯಾವ ಕಾಯ್ಲೆಗೆ ಅದು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಕಾಯಿಲೆಗಲ್ಲ ಅವ್ವ, ಬೇಡದ ಬಸುರು ನಿಲ್ಲದ ಹಾಗೆ, ಎಂದೆ. ಆದ ಬಸುರು ಇಳಿಸುವುದಲ್ಲ, ಆಗದ ಹಾಗೆ ಮೊದಲೇ ತಡೆಯುವುದು ಎಂದೂ ಬಿಡಿಸಿ ಹೇಳಿದೆ.

ಅವ್ವ ಡಬ್ಬಿಯೊಳಗಿನ ಶೀಟುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿದಳು. ಕೆಂಪು ಗೀಟಿನದು, ಹಸಿರು ಬೆನ್ನಿನದು. ಒಳಗೆ ಅತ್ತಿಗೆ ಚಿಕ್ಕವಳಿಗೆ ಏನೋ ಹಾಡಿಕೊಂಡು ಅನ್ನ ತಿನ್ನಿಸುತ್ತಿದ್ದಳು. ಅವ್ವ ಅತ್ತ ಕತ್ತು ತಿರುಗಿಸಿ, ಸ್ವಲ್ಪ ಹೊತ್ತು ಅದನ್ನೇ ಕೇಳುತ್ತ ಕೂತಳು. ಆ ಚೊಂಬು ನೀರು ಅವಳಿಗೆ ನೆನಪಾಯಿತೋ, ಹೆಚ್ಚಿಗೆ ಬಡಿಸಿದ ಸಾರು ನೆನಪಾಯಿತೋ, ನನಗೆ ತಿಳಿಯದು.

ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ಗೂಡಿನಲ್ಲಿ ಅದರ ಜಾಗಕ್ಕೇ ಇಟ್ಟಳು.

"ಹೋಗಿ ಆ ಶೀಟು ವಾಪಸ್ ಇಸ್ಕಂಡು ಬಾ. ಅವ್ಳು ಎಲ್ಲಾದ್ರೂ ಎಸೆದ್ಬುಟ್ಟಾಳು. ಇನ್ಯಾರಾದ್ರೂ ಕೇಳ್ಕಂಡು ಬಂದ್ರೆ ಎಲ್ಲಿಂದ ತರಾನ?"